ನೋಡಿದ್ರೆ ಮಾತ್ರ ನಗು ಬರೋ ಪೊಲೀಸ್ ಸೀರಿಯಲ್

(ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಸಂಘದ ತಿಂಗಳ ಕಾರ್ಯಕ್ರಮದಲ್ಲಿ ಮಾತಾಡಿದ್ದು. ಅವತ್ತು ಬರಲಿಕ್ಕೆ ಆಗದವರು ಕೇಳಿದ್ರು ಅಂತ ಬರೆದು ಹಾಕ್ತಾ ಇದ್ದೇನೆ. ಮಾತಾಡಿದ ಹಾಗೇ ಉಂಟು, ಹೆಚ್ಚು ತಿದ್ದಲಿಲ್ಲ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ, ಅಲ್ಲಿಯ ಫ್ಯಾನ್ ಬರೀ ಶಬ್ದ ಮಾಡ್ತದೆ, ಗಾಳಿ ಇಲ್ಲ. ಅಧ್ಯಕ್ಷರು ಪರಿಚಯ ಮಾಡುವಾಗ ಚಿತ್ರರಂಗದಲ್ಲಿ ಸೇವೆ ಅಂತೆಲ್ಲ ದೊಡ್ಡದಾಗಿ ಹೇಳಿದ್ರು, ಹಾಗೇನಿಲ್ಲ. ನಾನು ಅಂಧೇರಿಯಲ್ಲಿ ಹಿಂದಿ ಸೀರಿಯಲ್‌ಗಳ ಎಡಿಟಿಂಗ್ ಮಾಡುವವ. ಅತ್ತೆ ಬಾಗಿಲಲ್ಲಿ ನಿಂತು ಶಾಕ್ ಆದಾಗ ಅವರ ಮುಖವನ್ನು ಮೂರು ಸಲ ಝೂಮ್ ಮಾಡಿ ಧಡ್ ಧಡ್ ಧಡ್ ಅಂತ ಸೌಂಡ್ ಹಾಕ್ತಾರಲ್ಲ, ಆ ಪಾಪದಲ್ಲಿ ನನ್ನದೂ ಒಂದು ಪಾಲು ಉಂಟು.

ಹೋದ ತಿಂಗಳು ಇದೇ ಹಾಲಲ್ಲಿ ಪ್ರೊಜೆಕ್ಟರ್ ಹಾಕಿ 'ಪೊಲೀಸ್ ಸ್ಕ್ವಾಡ್!' ಅನ್ನುವ, ಪೊಲೀಸ್ ಸೀರಿಯಲ್‌ಗಳನ್ನೇ ಅಣಕ ಮಾಡುವ ಹಳೇ ಅಮೆರಿಕನ್ ಕಾಮಿಡಿ ಸೀರಿಯಲ್‌ನ ಎರಡು ಎಪಿಸೋಡ್ ತೋರಿಸಿದ್ದೆವು, ನೆನಪಿರಬಹುದು. ಮುಗಿದ ಮೇಲೆ ಎಲ್ಲರ ಕೈಗೆ ಒಂದೊಂದು ಚೀಟಿ ಕೊಟ್ಟು ಅಭಿಪ್ರಾಯ ಬರೀರಿ, ಹೆಸರು ಹಾಕುವುದು ಬೇಡ ಅಂತ ಹೇಳಿದ್ದೆವು. ಹೆಸರು ಬೇಡ ಅಂದ ಕೂಡ್ಲೇ ನಮ್ಮವರಿಗೆ ಎಂಥಾ ಧೈರ್ಯ ಬರ್ತದೆ ಮಾರಾಯ್ರೇ. ಎದುರಿಗೆ ಸಿಕ್ಕಿದಾಗ "ಬಾರೀ ಚಂದ ಆಯ್ತು, ಬಾರೀ ಚಂದ ಆಯ್ತು" ಅಂದವರೇ ಚೀಟಿಯಲ್ಲಿ "ಇನ್ನು ಇಂಥದ್ದು ತೋರಿಸಿ ಜನರ ಭಾನುವಾರ ಹಾಳು ಮಾಡಬೇಡಿ" ಅಂತ ಬರೆದಿದ್ದಾರೆ. ಅಕ್ಷರದಲ್ಲೇ ಗೊತ್ತಾಗ್ತದೆ ಯಾರು ಅಂತ, ಇರ್ಲಿ, ಹೇಳುವುದಿಲ್ಲ.

ಈ ಚೀಟಿಗಳ ಬಗ್ಗೆನೇ ಇವತ್ತು ಮಾತಾಡುವುದು. ಯಾಕಂದ್ರೆ ಓದ್ತಾ ಓದ್ತಾ ನನಗೆ ಅನಿಸಿದ್ದು ಎಂತ ಅಂದ್ರೆ, 1982ರಲ್ಲಿ ಅಮೆರಿಕದಲ್ಲಿ ಈ ಸೀರಿಯಲ್ ಬಂದಾಗ ಆದದ್ದೇ ಇಲ್ಲಿ ಡೊಂಬಿವಲಿಯಲ್ಲೂ ಆಗಿದೆ.

ಒಂದು ಚೀಟಿ ಹೀಗೆ ಉಂಟು, "ಇದರಲ್ಲಿ ಯಾರೂ ನಗುವುದೇ ಇಲ್ಲ, ಹಿಂದಿನಿಂದ ನಗುವ ಸೌಂಡೂ ಇಲ್ಲ, ಮತ್ತೆ ಇದು ಕಾಮಿಡಿ ಅಂತ ಗೊತ್ತಾಗುವುದು ಹೇಗೆ?" ಇದು ಬಹಳ ಒಳ್ಳೇ ಪ್ರಶ್ನೆ, ಆಮೇಲೆ ಬರ್ತೇನೆ ಇದಕ್ಕೆ. ಇನ್ನೊಂದರಲ್ಲಿ "ಪೊಲೀಸರಿಗೆ ಅವಮಾನ" ಅಂತ ಉಂಟು. ಅವಮಾನ ಅಂತ ಬರೆದವರಿಗೆ ಒಂದೇ ಮಾತು ಹೇಳ್ತೇನೆ, ಅವತ್ತು ಹಾಲಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕದ್ದು ಮೂರನೇ ಸಾಲಲ್ಲಿ ಕೂತಿದ್ದ ನಮ್ಮ ರಿಟೈರ್ಡ್ ಹವಾಲ್ದಾರರು, ಸರ್ವೀಸ್ ಪೂರ್ತಿ ಮುಂಬೈ ಪೊಲೀಸಿನಲ್ಲೇ ಕಳೆದವರು. ಹೀರೋ ತನ್ನ ಪರಿಚಯ ಹೇಳುವಾಗ ಸಾರ್ಜೆಂಟ್ ಫ್ರಾಂಕ್ ಡ್ರೆಬಿನ್, ಡಿಟೆಕ್ಟಿವ್ ಲೆಫ್ಟಿನೆಂಟ್ ಅಂತಾನೆ, ಅಂದ್ರೆ ಒಂದೇ ಉಸಿರಲ್ಲಿ ಎರಡು ರ‍್ಯಾಂಕು, ನಮ್ಮಲ್ಲಿ ಹವಾಲ್ದಾರ್ ಇಂತಿಂಥವರು, ಸಬ್ ಇನ್‌ಸ್ಪೆಕ್ಟರ್ ಅಂದ ಹಾಗೆ. ಹಾಲಲ್ಲಿ ಯಾರಿಗೂ ಅದು ಗೊತ್ತೇ ಆಗ್ಲಿಲ್ಲ, ಹವಾಲ್ದಾರರು ಒಬ್ಬರೇ ತೊಡೆ ತಟ್ಟಿ ನಕ್ಕರು. ಪ್ರಮೋಷನ್‌ಗೆ ಕಾದವರಿಗೆ ಮಾತ್ರ ಗೊತ್ತಾಗುವ ಜೋಕ್ ಅದು.

ಕಾಲೇಜಿಗೆ ಹೋಗುವ ಮಕ್ಕಳು ಬರೆದದ್ದು ಹೆಚ್ಚುಕಡಿಮೆ ಒಂದೇ, "ಸ್ಲೋ ಉಂಟು, ಆದ್ರೆ ತುಂಡು ತುಂಡು ಮಾಡಿ ರೀಲ್ಸ್ ಹಾಕಿದ್ರೆ ಸೂಪರ್". ತಪ್ಪಲ್ಲ.

ನನಗೆ ಎಲ್ಲಕ್ಕಿಂತ ಬೇಕಾದ ಚೀಟಿ ಇದು, ಪೂರ್ತಿ ಓದ್ತೇನೆ. "ನಾನು ಚಾ ಸೋಸ್ಲಿಕ್ಕೆ ಒಳಗೆ ಹೋಗಿದ್ದೆ. ಎಲ್ಲರೂ ಜೋರಾಗಿ ನಕ್ಕದ್ದು ಕೇಳಿ ಓಡಿ ಬಂದೆ. ಎಂತ ಆಯ್ತು ಅಂತ ಕೇಳಿದ್ರೆ ಯಾರಿಗೂ ಸರಿ ಹೇಳ್ಲಿಕ್ಕೆ ಆಗ್ಲಿಲ್ಲ. ನಾನು ನೋಡುವಾಗ ಪರದೆಯಲ್ಲಿ ಎಲ್ಲರೂ ಸುಮ್ಮನೆ ನಿಂತಿದ್ರು. ಸುಮ್ಮನೆ ನಿಂತದ್ದಕ್ಕೆ ನಗುವುದಾ?" ಅಕ್ಕ, ನೀವು ಯಾರೇ ಆಗಿರಿ, ಈ ಸೀರಿಯಲ್ ಯಾಕೆ ಬಿದ್ದುಹೋಯ್ತು ಅಂತ ಇಷ್ಟು ಸರಿಯಾಗಿ ಯಾರೂ ಹೇಳಿದ್ದಿಲ್ಲ. ಹೇಗೆ ಅಂತ ಹೇಳ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಡೇವಿಡ್ ಝುಕರ್, ಜೆರ‍್ರಿ ಝುಕರ್ ಅಂತ ಅಣ್ಣ ತಮ್ಮ, ಜೊತೆಗೆ ಜಿಮ್ ಏಬ್ರಹಾಮ್ಸ್ ಅಂತ ಅವರ ದೋಸ್ತ್. ಈ ಮೂರು ಜನ 1980ರಲ್ಲಿ 'ಏರ್‌ಪ್ಲೇನ್!' ಅಂತ ಸಿನಿಮಾ ಮಾಡಿದ್ರು. 1957ರ ಒಂದು ಗಂಭೀರ ವಿಮಾನದ ಸಿನಿಮಾ, 'ಝೀರೋ ಅವರ್!' ಅಂತ, ಅದರ ಹಕ್ಕನ್ನೇ ದುಡ್ಡು ಕೊಟ್ಟು ತಗೊಂಡು, ಅದೇ ಕತೆ, ಎಷ್ಟೋ ಕಡೆ ಅದೇ ಡೈಲಾಗು, ಮಧ್ಯ ಮಧ್ಯ ಹುಚ್ಚಾಟ. ದೊಡ್ಡ ಹಿಟ್ ಆಯ್ತು. ಹಿಟ್ ಆದವರನ್ನು ಟಿವಿಯವರು ಬಿಡ್ತಾರಾ, ಎಬಿಸಿ ಚಾನೆಲ್‌ನವರು ಕರೆದ್ರು, ಇವರು ಪೊಲೀಸ್ ಸೀರಿಯಲ್‌ಗಳನ್ನು ಹಿಡ್ಕೊಂಡ್ರು. 1982ರ ಮಾರ್ಚ್‌ನಲ್ಲಿ ಶುರು. ನಾಲ್ಕು ಎಪಿಸೋಡ್ ಹೋಯ್ತು, ಚಾನೆಲ್‌ನವರು ನಿಲ್ಲಿಸಿಬಿಟ್ರು, ಉಳಿದ ಎರಡನ್ನು ಜುಲೈಯಲ್ಲಿ ಹಾಕಿ ಕೈ ತೊಳ್ಕೊಂಡ್ರು. ಒಟ್ಟು ಆರೇ ಆರು. ನಮ್ಮ ಸೀರಿಯಲ್‌ನಲ್ಲಿ ಆರು ಎಪಿಸೋಡ್ ಅಂದ್ರೆ ನಾಯಕಿ ಇನ್ನೂ ದೇವಸ್ಥಾನದ ಮೆಟ್ಟಿಲು ಹತ್ತಿ ಮುಗಿಸಿರುವುದಿಲ್ಲ.

ಸ್ಪೂಫ್ ಅಂದ ಮೇಲೆ ಅಣಕ ಮಾಡ್ಲಿಕ್ಕೆ ಒಂದು ಅಸಲು ಬೇಕಲ್ಲ. ಅಸಲು ಯಾವುದು ಅಂದ್ರೆ 'ಎಂ ಸ್ಕ್ವಾಡ್' ಅಂತ 1957ರಿಂದ 1960ರ ತನಕ ಬಂದ ಕಪ್ಪು ಬಿಳುಪು ಸೀರಿಯಲ್, ಲೀ ಮಾರ್ವಿನ್ ಹೀರೋ, ಶಿಕಾಗೋದ ಪೊಲೀಸು. ಅದರ ಜೊತೆ ಕ್ವಿನ್ ಮಾರ್ಟಿನ್ ಅನ್ನುವ ನಿರ್ಮಾಪಕರ ಸೀರಿಯಲ್‌ಗಳು. ಅವುಗಳಲ್ಲಿ ಶುರುವಿಗೆ ಒಬ್ಬ ಗಂಭೀರ ಧ್ವನಿಯಲ್ಲಿ ಸೀರಿಯಲ್ ಹೆಸರು, ನಟರ ಹೆಸರು, ಇವತ್ತಿನ ಕಂತಿನ ಹೆಸರು ಎಲ್ಲ ಘೋಷಣೆ ಮಾಡ್ತಾನೆ. ಆ ಧ್ವನಿಯವರು ಹ್ಯಾಂಕ್ ಸಿಮ್ಸ್. 'ಪೊಲೀಸ್ ಸ್ಕ್ವಾಡ್!'ನವರು ಎಂತ ಮಾಡಿದ್ರು ಗೊತ್ತುಂಟಾ, ಮಿಮಿಕ್ರಿಯವರನ್ನು ಕರೀಲಿಲ್ಲ, ಅದೇ ಹ್ಯಾಂಕ್ ಸಿಮ್ಸ್ ಅವರನ್ನೇ ಕರೆಸಿ ಅದೇ ಗತ್ತಿನಲ್ಲಿ ಹೇಳಿಸಿದ್ರು. ಅವರು ಕಂತಿನ ಹೆಸರು ಒಂದು ಹೇಳ್ತಾರೆ, ಪರದೆ ಮೇಲೆ ಬೇರೆಯೇ ಹೆಸರು ಬರ್ತದೆ. ಕಿವಿಗೆ ಒಂದು ಕಣ್ಣಿಗೆ ಒಂದು. ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ, ಹಾಗೇ ಮುಂದೆ ಹೋಗ್ತದೆ.

ಹೆಸರಿನ ಹಿಂದೆಯೇ "ಇನ್ ಕಲರ್" ಅಂತ ಜಂಬದಲ್ಲಿ ಹೇಳ್ತಾರೆ ನೋಡಿ, ಬಣ್ಣದಲ್ಲಿ ಅಂತ. ಅವರಿಗೆ ಆಗ ಕಲರ್ ಟಿವಿ ಅಂದ್ರೆ ಹಳೇ ಮಾತು, ಅದಕ್ಕೇ ಅದು ಜೋಕು. ಆದ್ರೆ ಅದೇ 1982ರಲ್ಲೇ ನಮ್ಮ ದೂರದರ್ಶನಕ್ಕೆ ಬಣ್ಣ ಬಂದದ್ದು, ದಿಲ್ಲಿಯ ಏಷ್ಯನ್ ಗೇಮ್ಸ್ ವರ್ಷ. ನಾವು ಆಗ ಈ ಸೀರಿಯಲ್ ನೋಡಿದ್ರೆ "ಇನ್ ಕಲರ್" ಅಂದಾಗ ಚಪ್ಪಾಳೆ ತಟ್ತಿದ್ದೆವೋ ಏನೋ.

ಇನ್ನೊಂದು ಆಟ ಉಂಟು. ಶುರುವಿನಲ್ಲಿ "ವಿಶೇಷ ಅತಿಥಿ ನಟ" ಅಂತ ಪ್ರತಿ ಕಂತಿಗೆ ಒಬ್ಬ ದೊಡ್ಡ ಹೆಸರಿನವರನ್ನು ತೋರಿಸ್ತಾರೆ, ತೋರಿಸಿದ ಕೂಡ್ಲೇ ಅವರು ಸತ್ತುಹೋಗ್ತಾರೆ, ಆಮೇಲೆ ಕತೆಯಲ್ಲಿ ಅವರ ಸುದ್ದಿಯೇ ಇಲ್ಲ. ಲಾರ್ನ್ ಗ್ರೀನ್, ವಿಲಿಯಂ ಶಾಟ್ನರ್, ಅಂಥವರೆಲ್ಲ ಬಂದು ಹೀಗೆ ಸತ್ತು ಹೋಗಿದ್ದಾರೆ. ಇಲ್ಲಿ ಅಮಿತಾಭ್ ಬಚ್ಚನ್ ಅಂತ ಹೆಸರು ಹಾಕಿ, ಅವರು ಕಾರಿಂದ ಇಳಿದು ಒಂದು ಹೆಜ್ಜೆ ಇಡುವಷ್ಟರಲ್ಲಿ ಗುಂಡು ಹೊಡೆದು ಮುಗಿಸಿದ್ರೆ ಹೇಗಿರ್ತದೆ ಯೋಚನೆ ಮಾಡಿ, ಮಾರನೇ ದಿನ ಚಾನೆಲ್ ಆಫೀಸಿನ ಗಾಜು ಉಳಿಯುವುದಿಲ್ಲ.

ಸರಿ, ಈಗ ಆ ಚಾ ಸೋಸಿದ ಅಕ್ಕನ ಚೀಟಿಗೆ ಬರುವ. ಅವರು ನೋಡಿದ್ದು ಎಂತ ಅಂದ್ರೆ ಕೊನೆಯ ದೃಶ್ಯ. ಹಳೇ ಪೊಲೀಸ್ ಸೀರಿಯಲ್‌ಗಳಲ್ಲಿ ಕೇಸು ಮುಗಿದ ಮೇಲೆ ಎಲ್ಲರೂ ಆಫೀಸಿನಲ್ಲಿ ಸೇರ್ತಾರೆ, ಸಾಹೇಬರು ಎಂತದೋ ಒಂದು ಚಟಾಕಿ ಹೊಡೀತಾರೆ, ಎಲ್ಲರೂ ನಗ್ತಾರೆ, ನಗುವಿನ ಮೇಲೆ ಚಿತ್ರ ಫ್ರೀಜ್ ಆಗ್ತದೆ, ಅದರ ಮೇಲೆ ಹೆಸರುಗಳು ಓಡ್ತವೆ. ನಮ್ಮ ಭಾಷೆಯಲ್ಲಿ ಫ್ರೀಜ್ ಫ್ರೇಮ್, ಎಡಿಟ್ ಟೇಬಲ್‌ನಲ್ಲಿ ಒಂದು ಬಟನ್ ಕೆಲಸ. 'ಪೊಲೀಸ್ ಸ್ಕ್ವಾಡ್!'ನಲ್ಲಿ ಆ ಬಟನ್ ಒತ್ತುವುದಿಲ್ಲ. ಕ್ಯಾಮೆರಾ ಓಡ್ತಾನೇ ಇರ್ತದೆ, ನಟರೇ ಕಲ್ಲಾಗಿ ನಿಲ್ತಾರೆ. ನಗು ಮುಖದಲ್ಲಿ ಹಾಗೇ ಅಂಟಿಕೊಂಡಿರ್ತದೆ, ಕಣ್ಣು ಮಾತ್ರ ಅಲ್ಲಾಡ್ತದೆ. ಒಂದು ಕಂತಿನಲ್ಲಿ ಕಾಫಿ ಸುರೀತಾ ಇರುವಾಗಲೇ ಹೀಗೆ ನಿಂತುಬಿಡ್ತಾರೆ, ಮನುಷ್ಯ ನಿಂತ್ರೂ ಕಾಫಿ ನಿಲ್ಲುವುದಿಲ್ಲವಲ್ಲ, ಕಪ್ ತುಂಬಿತು, ಉಕ್ಕಿತು, ಆದ್ರೂ ಕೈ ಅಲ್ಲಾಡಿಸುವ ಹಾಗಿಲ್ಲ, ಯಾಕಂದ್ರೆ ಚಿತ್ರ "ಫ್ರೀಜ್" ಆಗಿದೆ. ಇನ್ನೊಂದರಲ್ಲಿ ಹಿಡಿದು ತಂದ ಕೈದಿ ಒಬ್ಬನಿಗೆ ಈ ಫ್ರೀಜ್ ವಿಷಯ ಯಾರೂ ಹೇಳಿಲ್ಲ. ಪೊಲೀಸರೆಲ್ಲ ಗೊಂಬೆ ಥರ ನಿಂತದ್ದು ನೋಡಿ ಅವನಿಗೆ ಆಶ್ಚರ್ಯ, ಸುತ್ತ ನೋಡ್ತಾನೆ, ಆಮೇಲೆ ಮೆಲ್ಲ ಪಾರಾಗ್ಲಿಕ್ಕೆ ದಾರಿ ಹುಡುಕ್ತಾನೆ. ಇದನ್ನು ನಾನು ಹೀಗೆ ಹೇಳುವಾಗ ನಿಮಗೆ ಎಷ್ಟು ನಗು ಬಂತು? ಸ್ವಲ್ಪ ಬಂತು. ನೋಡಿದಾಗ ಬಂದಷ್ಟು ಇಲ್ಲ. ಕಿವಿಗೆ ಇದರಲ್ಲಿ ಎಂತದೂ ಇಲ್ಲ, ಬರೀ ಮ್ಯೂಸಿಕ್ ಉಂಟು.

ಈಗ ಚಾನೆಲ್‌ನವರ ಕತೆ. ಯಾಕೆ ನಿಲ್ಲಿಸಿದ್ರಿ ಅಂತ ಕೇಳಿದಾಗ ಎಬಿಸಿಯ ಮನರಂಜನೆ ವಿಭಾಗದ ಮುಖ್ಯಸ್ಥ ಟೋನಿ ಥಾಮೋಪೊಲೋಸ್ ಹೇಳಿದ ಕಾರಣ ಎಂತ ಅಂದ್ರೆ, ಈ ಸೀರಿಯಲ್‌ನ ಮಜಾ ತಗೊಳ್ಬೇಕಾದ್ರೆ ಜನ ಅದನ್ನು ನೋಡಬೇಕಾಗ್ತದೆ ಅಂತ. ಹೌದು, ನೀವು ನಗ್ತಾ ಇದ್ದೀರಿ, ಎಲ್ಲರೂ ನಗ್ತಾರೆ. ಟಿವಿ ಕಾರ್ಯಕ್ರಮವನ್ನು ನೋಡಬೇಕಾಗ್ತದೆ ಅಂತ ದೂರು! ಪಾಪ ಅವರ ಹೆಸರು ನಾಲ್ಕು ದಶಕದಿಂದ ಈ ಒಂದು ಮಾತಿಗೇ ಉಳಿದಿದೆ, ಟಿವಿ ಚಾನೆಲ್‌ನವರು ಕೊಟ್ಟ ಅತಿ ದಡ್ಡ ಕಾರಣ ಅಂತ ಎಲ್ಲ ಕಡೆ ಬರೀತಾರೆ.

ನಾನು ಹೇಳುವುದು ಅವರು ಹೇಳಿದ್ದು ನೂರಕ್ಕೆ ನೂರು ಸರಿ ಅಂತ. ಸೀರಿಯಲ್ ನಿಲ್ಲಿಸಿದ್ದು ತಪ್ಪು, ಅದು ಬೇರೆ. ಆದ್ರೆ ಕಾರಣ ಸುಳ್ಳಲ್ಲ. ಟಿವಿಯನ್ನು ಯಾರು ಸ್ವಾಮಿ ನೋಡ್ತಾರೆ? ನಾನು ಅಂಧೇರಿಯಲ್ಲಿ ಕೂತು ದಿನಾ ಕೇಳುವ ಮಾತಿದು, ಚಾನೆಲ್‌ನಿಂದ ಫೀಡ್‌ಬ್ಯಾಕ್ ಬರ್ತದೆ, "ಆಡಿಯನ್ಸ್ ಕಿಚನ್‌ನಲ್ಲಿ ಇರ್ತಾರೆ, ಇದನ್ನು ಡೈಲಾಗ್‌ನಲ್ಲಿ ಹೇಳಿಸಿ". ಸೊಸೆಯ ಕೈಯಲ್ಲಿ ಪತ್ರ ಉಂಟು, ನಾವು ಪತ್ರದ ಕ್ಲೋಸಪ್ ಹಾಕಿದ್ದೇವೆ, ಸಾಕಾಗುವುದಿಲ್ಲ, ಅವಳು "ಅಯ್ಯೋ, ಇದು ಆ ಪತ್ರ, ಯಾವುದನ್ನು ಮಾವನವರು ಇಪ್ಪತ್ತು ವರ್ಷದಿಂದ ಮುಚ್ಚಿಟ್ಟಿದ್ರೋ" ಅಂತ ಒಬ್ಬಳೇ ನಿಂತು ಬಾಯಿಬಿಟ್ಟು ಹೇಳಬೇಕು. ಆಮೇಲೆ ಧಡ್ ಧಡ್ ಧಡ್. ಆ ಧಡ್ ಧಡ್ ಯಾಕೆ ಗೊತ್ತುಂಟಾ? ಒಗ್ಗರಣೆ ಹಾಕುವವರಿಗೆ, ಇತ್ತ ಬಾ ಎಂತದೋ ಆಯ್ತು ಅಂತ ಕರೆಯುವ ಗಂಟೆ ಅದು. ಅವರು ಸೌಟು ಹಿಡ್ಕೊಂಡೇ ಓಡಿ ಬರುವ ತನಕ ಟೈಮ್ ಬೇಕಲ್ಲ, ಅದಕ್ಕೇ ಮನೆಯಲ್ಲಿರುವ ಅಷ್ಟೂ ಜನರ ಮುಖ ಒಂದೊಂದಾಗಿ ತೋರಿಸ್ತೇವೆ, ಮಾವ, ಅತ್ತೆ, ನಾದಿನಿ, ಮೈದುನ, ಹಿಂದೆ ನಿಂತ ಕೆಲಸದವಳು. ಬಂದವರಿಗೆ ಏನೂ ತಪ್ಪಿರುವುದಿಲ್ಲ. ಜನರಿಗೆ ಬುದ್ಧಿ ಇಲ್ಲ ಅಂತ ಹೀಗೆ ಮಾಡುವುದಲ್ಲ, ಜನರಿಗೆ ಕೆಲಸ ಉಂಟು ಅಂತ.

ಈಗ 'ಪೊಲೀಸ್ ಸ್ಕ್ವಾಡ್!' ಇದಕ್ಕೆ ಪೂರ್ತಿ ಉಲ್ಟಾ. ಡ್ರೆಬಿನ್ ಮುಂದೆ ನಿಂತು ಕೇಸಿನ ವಿಷಯ ಗಂಭೀರವಾಗಿ ಮಾತಾಡ್ತಾ ಇರ್ತಾನೆ, ಜೋಕು ಹಿಂದೆ ಎಲ್ಲೋ ನಡೀತಾ ಉಂಟು. ಅಲ್ ಅಂತ ಒಬ್ಬ ಪೊಲೀಸು, ಎಷ್ಟು ಎತ್ತರ ಅಂದ್ರೆ ತಲೆ ಯಾವತ್ತೂ ಫ್ರೇಮಿನೊಳಗೆ ಬರುವುದೇ ಇಲ್ಲ, ಎದೆಯಿಂದ ಕೆಳಗೆ ಮಾತ್ರ ಕಾಣ್ತದೆ, ಎಲ್ಲರೂ ಮೇಲೆ ನೋಡ್ಕೊಂಡು ಮಾತಾಡ್ತಾರೆ. ಕಾರು ನಿಲ್ಲಿಸುವಾಗ ಪ್ರತಿ ಸಲ ಡ್ರೆಬಿನ್ ಕಸದ ಡಬ್ಬಿಗೆ ಗುದ್ದಿಯೇ ನಿಲ್ಲಿಸುವುದು, ಇಳಿದು ಏನೂ ಆಗದವರ ಹಾಗೆ ನಡೆದುಹೋಗುವುದು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಗಂಟೆ ಹೊಡೆದು ಕರೆಯುವುದಿಲ್ಲ, ಹಿಂದಿನಿಂದ ನಗುವ ಟ್ರ‍್ಯಾಕೂ ಇಲ್ಲ. ಆಗ ಅಮೆರಿಕದ ಹೆಚ್ಚಿನ ಕಾಮಿಡಿ ಸೀರಿಯಲ್‌ಗಳಲ್ಲಿ ಆ ನಗು ಇರ್ತಿತ್ತು, ಈಗ ನಗಿ ಅಂತ ಹೇಳುವ ನಗು. ಇವರು ಬೇಡ ಅಂದ್ರು. ಅಲ್ಲಿಗೆ ಅಡುಗೆ ಮನೆಯವರು, ಪೇಪರ್ ಓದುವವರು, ಇಸ್ತ್ರಿ ಹಾಕುವವರು ಎಲ್ಲ ಹೊರಗೆ.

ಇದಕ್ಕೆ ಸಾಕ್ಷಿ ಬೇಕಾ, ಉಂಟು. ಆರು ಎಪಿಸೋಡಿಗೆ ಸತ್ತ ಅದೇ ಸೀರಿಯಲ್, ಅದೇ ಹೀರೋ, ಅದೇ ತಂಡ, ಅದೇ ಥರದ ಜೋಕು, 1988ರಲ್ಲಿ 'ದಿ ನೇಕೆಡ್ ಗನ್' ಅಂತ ಸಿನಿಮಾ ಆಗಿ ಬಂತು. ಭರ್ಜರಿ ಓಡಿತು. 1991ರಲ್ಲಿ ಇನ್ನೊಂದು, 1994ರಲ್ಲಿ ಮತ್ತೊಂದು. ಜನ ಬದಲಾದ್ರಾ? ಇಲ್ಲ ಮಾರಾಯ್ರೇ, ಕೂತ ಜಾಗ ಬದಲಾಯ್ತು. ಥಿಯೇಟರಲ್ಲಿ ಲೈಟ್ ಆಫ್, ಟಿಕೇಟಿಗೆ ದುಡ್ಡು ಕೊಟ್ಟಾಗಿದೆ, ಕುಕ್ಕರ್ ಸೀಟಿ ಇಲ್ಲ, ಬಾಗಿಲಿಗೆ ಯಾರೂ ಬರುವುದಿಲ್ಲ, ಬೇರೆ ಎಂತ ಮಾಡ್ಲಿಕ್ಕೆ ಉಂಟು, ನೋಡಲೇಬೇಕು. ಥಾಮೋಪೊಲೋಸ್ ಹೇಳಿದ್ದೂ ಅದೇ ಅಲ್ವಾ.

ನಮ್ಮ ಕಡೆ ನೋಡಿ. 'ಎಫ್.ಐ.ಆರ್.' ನೆನಪುಂಟಾ, ಸಬ್ ಟಿವಿಯಲ್ಲಿ ಬರ್ತಿತ್ತು, ಕವಿತಾ ಕೌಶಿಕ್ ಚಂದ್ರಮುಖಿ ಚೌಟಾಲಾ ಅಂತ ಇನ್‌ಸ್ಪೆಕ್ಟರ್. 2006ರಿಂದ 2015ರ ತನಕ ಓಡಿತು ಅದು. ಅದೂ ಪೊಲೀಸ್ ಕಾಮಿಡಿಯೇ, ಸಿನಿಮಾಗಳ ಅಣಕವೂ ಬೇಕಾದಷ್ಟು ಇತ್ತು. ಯಾಕೆ ಓಡಿತು? ಅದು ಕಿವಿಗೆ ಮಾಡಿದ ಕಾಮಿಡಿ. ಆ ಹರಿಯಾಣವಿ ಗತ್ತು, ಬೈಗುಳ, ಲಾಠಿ ಸದ್ದು, ಟುಂಯ್ ಅನ್ನುವ ಸೌಂಡು, ಕೀಕು ಶಾರದಾ ಅವರ ಗುಲ್ಗುಲೆಯ ಅಳುಬುರುಕ ಮಾತು, ಇದೆಲ್ಲ ಚಪಾತಿ ಲಟ್ಟಿಸ್ತಾ ಕೇಳಿದ್ರೂ ಸಿಗ್ತದೆ. ನಮ್ಮ ಮನೆಯಲ್ಲಿ ಅಮ್ಮ ಅದನ್ನು ಎಷ್ಟೋ ವರ್ಷ "ನೋಡಿದ್ದಾರೆ", ಗುಲ್ಗುಲೆ ಯಾರು ಅಂತ ಮುಖ ತೋರಿಸಿ ಕೇಳಿದ್ರೆ ಗೊತ್ತಿಲ್ಲ, ಧ್ವನಿ ಕೇಳಿದ್ರೆ ಗೊತ್ತು. ಎಫ್.ಐ.ಆರ್. ಕೀಳು, ಪೊಲೀಸ್ ಸ್ಕ್ವಾಡ್ ಮೇಲು ಅಂತ ನಾನು ಹೇಳುವುದಿಲ್ಲ. ಅಷ್ಟು ವರ್ಷ ಜನರನ್ನು ನಗಿಸುವುದು ಸಣ್ಣ ಕೆಲಸ ಅಲ್ಲ.

ಮತ್ತೆ ಸಿಐಡಿ. ಸಿಐಡಿ ಅಂದ ಕೂಡ್ಲೇ ಎಲ್ಲರ ಮುಖದಲ್ಲಿ ನಗು ನೋಡಿ! ಅದು ಕಾಮಿಡಿಯೇ ಅಲ್ಲವಲ್ಲ, ಗಂಭೀರ ಸೀರಿಯಲ್, 1998ರಲ್ಲಿ ಸೋನಿಯಲ್ಲಿ ಶುರುವಾಗಿ 2018ರ ತನಕ 1500ಕ್ಕೂ ಮೇಲೆ ಎಪಿಸೋಡು, ಈಗ 2024ರ ಕೊನೆಗೆ ಮತ್ತೆ ಶುರುವಾಯ್ತು. ಬಾಗಿಲು ಒಡೆಯುವ ದಯಾ ನಮ್ಮವರೇ, ದಯಾನಂದ ಶೆಟ್ಟಿ, ಉಡುಪಿ ಹತ್ತಿರದ ಕಟಪಾಡಿಯವರು, ಡಿಸ್ಕಸ್ ಎಸೆತದಲ್ಲಿ ಮಹಾರಾಷ್ಟ್ರ ಚಾಂಪಿಯನ್ ಆಗಿದ್ದವರು. ಅದಕ್ಕೇ ಆ ಭುಜ. ನಮ್ಮ ಊರಿನವರಿಗೆ ಇದು ಹೆಮ್ಮೆಯ ವಿಷಯ, ಮದುವೆ ಊಟದಲ್ಲಿ ಮೂರು ಜನ ಸೇರಿದ್ರೆ ಅದರಲ್ಲಿ ಒಬ್ಬರಿಗೆ ಅವರು ಸಂಬಂಧದಲ್ಲಿ ಎಂತದೋ ಆಗಬೇಕು.

ಈ ಸಿಐಡಿಯಲ್ಲಿ ಆದದ್ದು ಎಂತ ಅಂದ್ರೆ, ಸ್ಪೂಫನ್ನು ಚಾನೆಲ್‌ನವರು ಮಾಡ್ಲಿಲ್ಲ, ನೋಡುವವರೇ ಮಾಡಿದ್ರು. ಎಸಿಪಿ ಪ್ರದ್ಯುಮ್ನ ಆಗಿ ಶಿವಾಜಿ ಸಾಟಮ್ ಬೆರಳು ತಿರುಗಿಸಿ "ಕುಛ್ ತೋ ಗಡ್‌ಬಡ್ ಹೈ" ಅಂದ್ರೆ ಅದು ಆ ಪಾತ್ರಕ್ಕೆ ಗಂಭೀರ ಅನುಮಾನ, ನಮಗೆ ಮನರಂಜನೆ. ಡಾಕ್ಟರ್ ಸಾಳುಂಕೆ ಲ್ಯಾಬಿನಲ್ಲಿ ನೀಲಿ ನೀರಿಗೆ ಹಸಿರು ನೀರು ಹಾಕಿ, ಸಾವು ವಿಷದಿಂದ ಆಗಿದೆ ಬಾಸ್ ಅಂತಾರೆ, ಮನೆಯಲ್ಲಿ ಅಜ್ಜಿಯಿಂದ ಮೊಮ್ಮಗನ ತನಕ ಎಲ್ಲರೂ ನಗ್ತಾರೆ, ಆದ್ರೆ ಒಂದು ವಾರವೂ ತಪ್ಪಿಸುವುದಿಲ್ಲ. ತಮಾಷೆ ಮಾಡುವವರೇ ಅದರ ಅತಿ ದೊಡ್ಡ ಭಕ್ತರು. 'ಪೊಲೀಸ್ ಸ್ಕ್ವಾಡ್!'ನಲ್ಲೂ ಒಬ್ಬ ಲ್ಯಾಬಿನ ವಿಜ್ಞಾನಿ ಉಂಟು, ಟೆಡ್ ಓಲ್ಸನ್, ಡ್ರೆಬಿನ್ ಒಳಗೆ ಬರುವಾಗ ಸಣ್ಣ ಮಕ್ಕಳನ್ನು ಕೂರಿಸಿ ಎಂತದೋ ಎಡವಟ್ಟು ಪ್ರಯೋಗ ಹೇಳಿಕೊಡ್ತಾ ಇರ್ತಾನೆ. ಹೋದ ತಿಂಗಳು ಅವನು ಬಂದ ಕೂಡ್ಲೇ ಹಾಲಲ್ಲಿ ಯಾರೋ ಸಾಳುಂಕೆ ಅಂತ ಕೂಗಿದ್ರಲ್ಲ, ಆಗ ನನಗೆ ಗ್ಯಾರಂಟಿ ಆಯ್ತು ಇವರಿಗೆ ಇದು ಸಿಗ್ತದೆ ಅಂತ. 'ಎಂ ಸ್ಕ್ವಾಡ್' ನೋಡದೇ ಇದ್ರೂ ಸಿಐಡಿ ನೋಡಿದ ಕಣ್ಣು ಉಂಟಲ್ಲ.

ಹಾಗೇ ಬೂಟ್ ಪಾಲಿಶ್ ಮಾಡುವ ಜಾನಿ. ಈ ಪಾತ್ರ ಮುಂಬೈಯವರಿಗೆ ವಿವರಿಸಬೇಕಾಗಿಯೇ ಇಲ್ಲ, ಅದು ನಮ್ಮ ಖಬರಿ, ಪೊಲೀಸರಿಗೆ ಗುಟ್ಟಾಗಿ ಸುದ್ದಿ ಕೊಡುವವ. ಪೊಲೀಸು ಬಂದು ಕೂರ್ತಾನೆ, ಏನಾದ್ರೂ ಗೊತ್ತುಂಟಾ ಅಂತ ಕೇಳ್ತಾನೆ, ಗೊತ್ತಿಲ್ಲ ಸಾಹೇಬ್, ನೋಟು ಕೈಗೆ ಬಂದ ಕೂಡ್ಲೇ ಎಲ್ಲ ಗೊತ್ತು. ಎಷ್ಟು ಹಿಂದಿ ಸಿನಿಮಾದಲ್ಲಿ ನೋಡಿದ್ದೇವೆ ಇದನ್ನು. ಇಲ್ಲಿ ಡ್ರೆಬಿನ್ ಎದ್ದು ಹೋದ ಮೇಲೆ ಅದೇ ಕುರ್ಚಿಗೆ ಒಬ್ಬ ಸರ್ಜನ್ ಬಂದು ಕೂರ್ತಾನೆ, ಆಪರೇಷನ್ ಹೇಗೆ ಮಾಡಬೇಕು ಅಂತ ಕೇಳ್ತಾನೆ, ನನಗೆ ಗೊತ್ತಿಲ್ಲ ಅಂತಾನೆ ಜಾನಿ, ನೋಟು ಬರ್ತದೆ, ಜಾನಿ ಹೃದಯದ ಆಪರೇಷನ್ ಬಗ್ಗೆ ಪುಸ್ತಕದ ಹಾಗೆ ಹೇಳ್ತಾನೆ. ಇದು ಮಾತಿನ ಜೋಕು, ಇದು ಹಾಲಲ್ಲಿ ಎಲ್ಲರಿಗೂ ಸಿಕ್ಕಿತು. ಚೀಟಿಗಳಲ್ಲಿ ಹೆಚ್ಚು ಜನ ಇಷ್ಟಪಟ್ಟದ್ದೂ ಜಾನಿಯನ್ನೇ. ನೋಡಿ, ಮತ್ತೆ ಕಿವಿಯೇ ಗೆದ್ದಿತು.

ಈಗ ಮೊದಲ ಚೀಟಿ, ಯಾರೂ ನಗುವುದಿಲ್ಲ, ಕಾಮಿಡಿ ಹೇಗೆ? ಅವರಿಗೆ ನಾನು ಯಕ್ಷಗಾನವನ್ನೇ ತೋರಿಸ್ತೇನೆ. ಹಾಸ್ಯಗಾರ ರಾಜನ ಎದುರು ಎಷ್ಟು ಅಸಂಬದ್ಧ ಮಾತಾಡಿದ್ರೂ ರಾಜವೇಷದವರು ಕಿರೀಟ ಹೊತ್ತು ಅಷ್ಟೇ ಗಾಂಭೀರ್ಯದಲ್ಲಿ "ಎಲವೋ, ಬಂದ ವಿಷಯ ಅರುಹು" ಅನ್ನಬೇಕು. ರಾಜನೇ ಕಿಸಕ್ಕಂತ ನಕ್ಕುಬಿಟ್ರೆ ಪ್ರಸಂಗವೂ ಹೋಯ್ತು ಹಾಸ್ಯವೂ ಹೋಯ್ತು. 'ಪೊಲೀಸ್ ಸ್ಕ್ವಾಡ್!'ನಲ್ಲಿ ಹಾಸ್ಯಗಾರನೇ ಇಲ್ಲ, ಎಲ್ಲರೂ ರಾಜರೇ.

ಅದಕ್ಕೆ ಅವರು ಹುಡುಕಿದ ನಟ ನೋಡಿ, ಲೆಸ್ಲಿ ನೀಲ್ಸನ್. 1926ರಲ್ಲಿ ಕೆನಡಾದ ರೆಜೈನಾದಲ್ಲಿ ಹುಟ್ಟಿದವರು, ಅಪ್ಪ ಕೆನಡಾದ ಮೌಂಟೆಡ್ ಪೊಲೀಸಿನಲ್ಲಿ ಕಾನ್‌ಸ್ಟೇಬಲ್, ಅಣ್ಣ ಎರಿಕ್ ಮುಂದೆ ಕೆನಡಾದ ಉಪಪ್ರಧಾನಿ ಆದವರು. ಈ ಮನುಷ್ಯ ವರ್ಷಾನುಗಟ್ಟಲೆ ಗಂಭೀರ ಪಾತ್ರ ಮಾಡಿಕೊಂಡೇ ಬಂದವರು. 1956ರ 'ಫರ್ಬಿಡನ್ ಪ್ಲಾನೆಟ್'ನಲ್ಲಿ ಆಕಾಶನೌಕೆಯ ಕಮಾಂಡರ್, 1972ರ 'ಪೊಸೈಡನ್ ಅಡ್ವೆಂಚರ್'ನಲ್ಲಿ ಮುಳುಗುವ ಹಡಗಿನ ಕ್ಯಾಪ್ಟನ್. ಐವತ್ತು ದಾಟಿದ ಮೇಲೆ ಅದೇ ಕ್ಯಾಪ್ಟನ್ ಮುಖವನ್ನು ಒಂಚೂರೂ ಬದಲಾಯಿಸದೆ ಕಾಮಿಡಿಗೆ ತಂದದ್ದು. ಡ್ರೆಬಿನ್ ಒಂದು ಬೀಗ ಹಾಕಿದ ಕೋಣೆಯೊಳಗೆ ನಿಂತಿರ್ತಾನೆ. ನೀನು ಯಾರು, ಒಳಗೆ ಹೇಗೆ ಬಂದೆ ಅಂತ ಕೇಳ್ತಾರೆ. ಡ್ರೆಬಿನ್ ಹೇಳ್ತಾನೆ, "ನಾನು ಬೀಗ ರಿಪೇರಿಯವ. ಮತ್ತೆ, ನಾನು ಬೀಗ ರಿಪೇರಿಯವ." ಎರಡು ಪ್ರಶ್ನೆ, ಎರಡು ಉತ್ತರ. ಇದನ್ನು ನಗ್ತಾ ಹೇಳಿದ್ರೆ ಸತ್ತ ಜೋಕು. ನೀಲ್ಸನ್ ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ ಹೇಳ್ತಾರೆ. ಆ ವರ್ಷ ಅವರಿಗೆ ಅಮೆರಿಕದ ಟಿವಿಯ ದೊಡ್ಡ ಪ್ರಶಸ್ತಿ ಎಮ್ಮಿಗೆ ನಾಮಿನೇಷನ್ ಕೂಡ ಬಂತು, ನಿಂತುಹೋದ ಸೀರಿಯಲ್‌ಗೆ! 2025ರಲ್ಲಿ ಹೊಸ 'ನೇಕೆಡ್ ಗನ್' ಬಂದಾಗಲೂ ಕಾಮಿಡಿಯನ್‌ನ ಹಾಕ್ಲಿಲ್ಲ, ಲಿಯಮ್ ನೀಸನ್ ಅವರನ್ನು ಹಾಕಿದ್ರು, 'ಟೇಕನ್' ಸಿನಿಮಾದಲ್ಲಿ ಮಗಳನ್ನು ಕಿಡ್ನ್ಯಾಪ್ ಮಾಡಿದವರಿಗೆ ಫೋನಿನಲ್ಲಿ ಬೆದರಿಕೆ ಹಾಕಿ ಹೆಸರಾದವರು ಅವರು.

ನಗುವ ಟ್ರ‍್ಯಾಕ್ ಹಾಕಿದ್ರೆ ಎಂತ ಆಗ್ತಿತ್ತು ಅಂತ ಕೇಳ್ಬಹುದು. ಅದೇ ಎಬಿಸಿ 1986ರಲ್ಲಿ 'ಸ್ಲೆಡ್ಜ್ ಹ್ಯಾಮರ್!' ಅಂತ ಇನ್ನೊಂದು ಪೊಲೀಸ್ ಸ್ಪೂಫ್ ಮಾಡಿತು, ತನ್ನ ಪಿಸ್ತೂಲಿನ ಜೊತೆ ಮಾತಾಡುವ ಇನ್‌ಸ್ಪೆಕ್ಟರ್. ಅದಕ್ಕೆ ಶುರುವಿನಲ್ಲಿ ನಗುವ ಟ್ರ‍್ಯಾಕ್ ಹಾಕಿದ್ರು, ಆಮೇಲೆ ತೆಗೆದ್ರು. ಮೊದಲ ಸೀಸನ್ ಮುಗಿಯುವಾಗ ಇನ್ನು ಇದು ಮುಂದುವರಿಯುವುದಿಲ್ಲ ಅಂತ ಅಂದ್ಕೊಂಡು ಕೊನೇ ಕಂತಿನಲ್ಲಿ ಅಣುಬಾಂಬ್ ಸಿಡಿಸಿ ಊರನ್ನೇ ಉಡಾಯಿಸಿಬಿಟ್ರು, ಅಷ್ಟರಲ್ಲಿ ಚಾನೆಲ್‌ನವರು ಇನ್ನೊಂದು ಸೀಸನ್ ಮಾಡಿ ಅಂದ್ರು. ಈಗ ಎಂತ ಮಾಡುವುದು? ಎರಡನೇ ಸೀಸನ್‌ಗೆ "ಐದು ವರ್ಷ ಹಿಂದೆ" ಅಂತ ಹಾಕಿ ಮುಂದುವರಿಸಿದ್ರು. ನಮ್ಮ ಸೀರಿಯಲ್‌ನಲ್ಲಿ ಸತ್ತ ಅಣ್ಣ ಪ್ಲಾಸ್ಟಿಕ್ ಸರ್ಜರಿ ಮಾಡಿಕೊಂಡು ವಾಪಸ್ ಬರುವುದಕ್ಕಿಂತ ಇದು ಮರ್ಯಾದೆಯ ದಾರಿ.

ಇತ್ತೀಚಿನದ್ದು ಬೇಕಾದವರಿಗೆ 'ಏಂಜಿ ಟ್ರಿಬೆಕಾ' ಉಂಟು, 2016ರಿಂದ 2018, ರಶೀದಾ ಜೋನ್ಸ್ ನಾಯಕಿ, ಸ್ಟೀವ್ ಕರೆಲ್ ಮತ್ತು ಅವರ ಹೆಂಡತಿ ಸೇರಿ ಮಾಡಿದ್ದು. ಅದು ನಾಲ್ಕು ಸೀಸನ್ ನಡೆಯಿತು. ರಿಮೋಟಿನಲ್ಲಿ ಹಿಂದೆ ಹೋಗಿ ನೋಡುವ ಕಾಲ ಬಂದದ್ದೂ ಒಂದು ಕಾರಣ ಅಂತ ನನ್ನ ಲೆಕ್ಕ. ಆದ್ರೆ ಅಡುಗೆ ಮನೆಯ ಜಾಗಕ್ಕೆ ಈಗ ಮೊಬೈಲ್ ಬಂದಿದೆ. ಅವತ್ತು ಇಲ್ಲಿ ಅಲ್‌ನ ತಲೆಯ ಜೋಕ್ ಬರುವಾಗ ನಾನು ಹಿಂದೆ ನಿಂತು ನೋಡ್ತಾ ಇದ್ದೆ, ಕತ್ತಲಲ್ಲಿ ಮುಖ ಬೆಳಗ್ತಾ ಇದ್ದವರೆಲ್ಲ ಆ ನಗುವಿಗೆ ತಲೆ ಎತ್ತಿ ಪಕ್ಕದವರನ್ನು ಕೇಳ್ತಾ ಇದ್ರು.

ಕೊನೆಗೆ ಪ್ರಶ್ನೆಗಳು ಬಂದ್ವು. ಒಬ್ಬರು ಕೇಳಿದ್ರು, ಕನ್ನಡದಲ್ಲಿ ಇಂಥದ್ದು ಮಾಡ್ಲಿಕ್ಕೆ ಆಗ್ತದಾ ಅಂತ. ಆಗ್ತದೆ, ಅಸಲು ನಮ್ಮಲ್ಲಿ ಬೇಕಾದಷ್ಟು ಉಂಟು. 1996ರ 'ಪೊಲೀಸ್ ಸ್ಟೋರಿ' ನೋಡದ ಕನ್ನಡಿಗ ಯಾರು? ಸಾಯಿಕುಮಾರ್ ಅವರನ್ನೇ ಕರೆದು, ಅದೇ ಖಾಕಿ, ಅದೇ ಕೆಂಡದ ಕಣ್ಣು, ಅದೇ ಗುಡುಗು, ಆದ್ರೆ ಹೇಳುವುದು "ನಾನು ಬೀಗ ರಿಪೇರಿಯವ" ಅಂತ. ಹಿಂದೆ ಕಾನ್‌ಸ್ಟೇಬಲ್‌ನ ತಲೆ ಫ್ರೇಮಿನಿಂದ ಹೊರಗೆ. ತಮಾಷೆ ಮಾಡ್ತಿದ್ದೇವೆ ಅಂತ ಯಾರೂ ತೋರಿಸಿಕೊಳ್ಳಬಾರದು, ಅಷ್ಟೇ ಷರತ್ತು. ಕಷ್ಟ ಎಲ್ಲಿ ಬರ್ತದೆ ಅಂದ್ರೆ ಚಾನೆಲ್‌ನಲ್ಲಿ. ಟುಂಯ್ ಸೌಂಡ್ ಹಾಕದೆ ಕಳಿಸಿದ್ರೆ ಫೈಲ್ ವಾಪಸ್ ಬರ್ತದೆ, ನನಗೆ ಗ್ಯಾರಂಟಿ ಉಂಟು.

ಇನ್ನೊಬ್ಬರು, ಮಕ್ಕಳಿಗೆ ತೋರಿಸಬಹುದಾ? ಸೀರಿಯಲ್ ಆರೂ ಕಂತು ಹೆಚ್ಚು ತೊಂದರೆ ಇಲ್ಲ, ಸಿನಿಮಾಗಳಲ್ಲಿ ಡಬಲ್ ಮೀನಿಂಗ್ ಬಹಳ, ನೀವು ಮೊದಲು ನೋಡಿ ಆಮೇಲೆ ನಿರ್ಧಾರ ಮಾಡಿ.

ಹವಾಲ್ದಾರರು ಎದ್ದು ನಿಂತು ಪ್ರಶ್ನೆ ಅಲ್ಲ ಒಂದು ಸಲಹೆ ಅಂದ್ರು. ಉಳಿದ ನಾಲ್ಕು ಕಂತೂ ತೋರಿಸಬೇಕು, ಆದ್ರೆ ಮೊಬೈಲ್ ಎಲ್ಲ ಬಾಗಿಲಲ್ಲೇ ಜಮಾ ಮಾಡಿಸಬೇಕು, ಬೇಕಾದ್ರೆ ಆ ಡ್ಯೂಟಿಗೆ ತಾನೇ ನಿಲ್ತೇನೆ ಅಂತ. ಕಮಿಟಿಯವರು ಒಪ್ಪಿದ್ದಾರೆ. ಮುಂದಿನ ತಿಂಗಳ ಎರಡನೇ ಭಾನುವಾರ, ಸಂಜೆ ಐದೂವರೆಗೆ, ಇದೇ ಹಾಲ್. ಚಾ ಈ ಸಲ ಶುರುವಾಗುವ ಮೊದಲೇ ಕೊಡ್ತೇವೆ ಅಕ್ಕ, ಸೋಸುವ ಕೆಲಸ ನಾನು ನೋಡಿಕೊಳ್ತೇನೆ, ನೀವು ಬಂದು ಮುಂದಿನ ಸಾಲಲ್ಲಿ ಕೂತುಕೊಳ್ಳಿ.